ಹಳ್ಳ ಇಳಿಯುವವರೆಗೆ

ಈ ಪುಟಗಳಲ್ಲಿ ಬೆಳೆಗಾರ ಬಾಂಧವರು ಸಾಮಾನ್ಯವಾಗಿ ನಿರೀಕ್ಷಿಸುವುದು ಅಡಿಕೆಯ ಕೊಳೆರೋಗ, ಕಾಫಿಯ ಕಾಂಡಕೊರಕ, ಗೊಬ್ಬರದ ಪ್ರಮಾಣ, ಇಲ್ಲವೇ ಮಾರುಕಟ್ಟೆಯ ಧಾರಣೆ. ಈ ಸಲ ಅವನ್ನೆಲ್ಲ ಸ್ವಲ್ಪ ಬದಿಗಿರಿಸಿ ಒಂದು ಚಾರಣದ ವಿಚಾರ ಬರೆಯುತ್ತಿದ್ದೇವೆ. ದಿನಕ್ಕೆ ಹತ್ತು ಸಲ ತೋಟದ ಗುಡ್ಡ ಹತ್ತಿ ಇಳಿಯುವವನಿಗೆ ಬೆನ್ನಿಗೆ ಚೀಲ ಕಟ್ಟಿಕೊಂಡು ಇನ್ನೊಂದು ಗುಡ್ಡ ಹತ್ತುವ ಹುಚ್ಚು ಯಾಕೆ ಎಂದು ಕೇಳುವವರಿದ್ದಾರೆ. ನಮ್ಮ ಮನೆಯಲ್ಲಿಯೂ ಕೇಳಿದರು. ಅದಕ್ಕೆ ಸಮರ್ಪಕವಾದ ಉತ್ತರ ನಮ್ಮಲ್ಲಿ ಇರಲಿಲ್ಲ. ಹೋಗಿ ಬಂದ ಮೇಲೆ ಮಾತ್ರ ಬರೆಯಲೇಬೇಕಾದ ಒಂದು ಸಂಗತಿ ಉಳಿದಿದೆ. ಅದು ಗುಡ್ಡದ ವಿಚಾರವಲ್ಲ, ಹಳ್ಳದ ವಿಚಾರ. ಹಳ್ಳವಿಲ್ಲದ ತೋಟ ನಮ್ಮಲ್ಲಿ ಯಾರದಿದೆ?

ಹೊರಡುವ ಮುನ್ನ

ನಾವು ಹೊರಟದ್ದು ಕುದುರೆಮುಖಕ್ಕೆ, ಜೂನ್ ತಿಂಗಳ ಮೂರನೆಯ ವಾರದಲ್ಲಿ. ಮುಂಗಾರು ಹಿಡಿದು ಹತ್ತು ಹನ್ನೆರಡು ದಿನಗಳಾಗಿದ್ದವು. ಒಟ್ಟು ಐದು ಜನ. ನಾಲ್ವರು ಸಣ್ಣ ಹಿಡುವಳಿಯ ಬೆಳೆಗಾರರು. ಐದನೆಯವನು ನಮ್ಮಲ್ಲೊಬ್ಬರ ಅಣ್ಣನ ಮಗ, ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವವನು. ಚಾರಣದ ಆಸೆ ಹುಟ್ಟಿಸಿದವನೂ ಅವನೇ. ಅರಣ್ಯ ಇಲಾಖೆಯ ಅನುಮತಿಯನ್ನು ಅವನೇ ಮುಂಚಿತವಾಗಿ ಪಡೆದಿದ್ದ. ಕುದುರೆಮುಖದ ಸುತ್ತಲಿನ ಕಾಡು 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಆದ್ದರಿಂದ ಮನಸ್ಸು ಬಂದಾಗ ಹೊಕ್ಕು ಬರುವ ಜಾಗ ಅದಲ್ಲ. ಬೆಳಿಗ್ಗೆ ಹೊರಟವರು ಸಂಜೆಯೊಳಗೆ ಹಿಂದಿರುಗಬೇಕು, ಒಳಗೆ ಡೇರೆ ಹಾಕಿ ರಾತ್ರಿ ಕಳೆಯುವಂತಿಲ್ಲ. ಮಳೆ ಅತಿಯಾದಾಗ ಇಲಾಖೆಯವರು ದಾರಿ ಮುಚ್ಚುವುದೂ ಉಂಟು.

ಕಳಸದಿಂದ ಕುದುರೆಮುಖದ ಬಸ್ಸು ಹತ್ತಿ, ಸಂಸೆಯ ಕಡೆಯ ಬಾಳೆಗಲ್ಲಿನಲ್ಲಿ ಇಳಿದೆವು. ಅಲ್ಲಿಂದ ಮುಳ್ಳೋಡಿಗೆ ಸುಮಾರು ಆರು ಕಿಲೋಮೀಟರು. ಜೀಪು ಸಿಗುತ್ತದೆ, ಆದರೂ ನಡೆದೇ ಹೋಗುವುದೆಂದು ನಿಶ್ಚಯಿಸಿದೆವು. ಎರಡು ರಾತ್ರಿಗೆ ಬೇಕಾದ ಬಟ್ಟೆ, ಅವಲಕ್ಕಿ, ಬೆಲ್ಲ, ಉಪ್ಪಿನಕಾಯಿ, ಟಾರ್ಚು, ಇಂಬಳಕ್ಕೆ ಹೊಗೆಸೊಪ್ಪು ಮತ್ತು ಸುಣ್ಣ ಎಲ್ಲ ಸೇರಿ ಒಬ್ಬೊಬ್ಬರ ಬೆನ್ನಿನ ಮೇಲೂ ಎಂಟು ಹತ್ತು ಕಿಲೋ ಭಾರ. ಮುಳ್ಳೋಡಿಯ ಮನೆಯೊಂದರಲ್ಲಿ ತಂಗುವ ಏರ್ಪಾಡಾಗಿತ್ತು. ಅಲ್ಲಿ ನಮಗೆ ದಾರಿ ತೋರಿಸಲು ಒಪ್ಪಿದವರು ಅರವತ್ತು ದಾಟಿದ ಒಬ್ಬ ಹಿರಿಯರು. ಗೌಡರೆಂದೇ ಎಲ್ಲರೂ ಕರೆಯುತ್ತಾರೆ, ನಾವೂ ಹಾಗೆಯೇ ಕರೆದೆವು.

ರಾತ್ರಿ ಊಟವಾದ ಮೇಲೆ ಗೌಡರು ಕೇಳಿದ ಮೊದಲ ಪ್ರಶ್ನೆ, "ನಾಡಿದ್ದು ಯಾರಿಗಾದರೂ ಅರ್ಜೆಂಟು ಕೆಲಸ ಉಂಟಾ?" ಎಂಬುದು. ಇಬ್ಬರಿಗೆ ಇತ್ತು. ಅಣ್ಣನ ಮಗನಿಗೆ ಮರುದಿನ ರಾತ್ರಿಯ ಬಸ್ಸಿಗೆ ಟಿಕೇಟು ಆಗಿತ್ತು. ನಮ್ಮ ಜೊತೆಗಾರರೊಬ್ಬರಿಗೆ ಅಡಿಕೆಗೆ ಔಷಧಿ ಹೊಡೆಯುವವರು ನಾಡಿದ್ದು ಬೆಳಿಗ್ಗೆ ಬರುವವರಿದ್ದರು. ಮರ ಹತ್ತಿ ಬೋರ್ಡೋ ಹೊಡೆಯುವವರನ್ನು ಹೊಂದಿಸುವ ಕಷ್ಟ ಈ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಒಮ್ಮೆ ತಪ್ಪಿದರೆ ಅವರು ಮತ್ತೆ ಸಿಗುವಷ್ಟರಲ್ಲಿ ಕೊಳೆ ತೋಟ ಹೊಕ್ಕಿರುತ್ತದೆ. ಗೌಡರು ಎರಡನ್ನೂ ಕೇಳಿಸಿಕೊಂಡು, "ಹಾಗಾದರೆ ನಾಳೆ ಬೇಗ ಹೊರಟು ಬೇಗ ತಿರುಗುವ" ಎಂದಷ್ಟೇ ಹೇಳಿ ಮಲಗಲು ಹೋದರು.

ಹೋಗುವಾಗ

ಬೆಳಿಗ್ಗೆ ಏಳಕ್ಕೆ ಹೊರಟಾಗ ಮಳೆ ಬಿಟ್ಟಿತ್ತು. ದಾರಿ ಮೊದಲು ಕಾಡಿನ ಅಂಚಿನಲ್ಲಿ, ಅನಂತರ ಹುಲ್ಲುಗುಡ್ಡಗಳ ಮೈಯಲ್ಲಿ ಸಾಗುತ್ತದೆ. ಬೇಸಿಗೆಯಲ್ಲಿ ಕಂದು ಹಿಡಿದಿದ್ದ ಹುಲ್ಲೆಲ್ಲ ಹತ್ತೇ ದಿನದಲ್ಲಿ ಚಿಗುರಿ, ಗುಡ್ಡದ ಮೈ ಭತ್ತದ ಅಗೆಮಡಿಯ ಬಣ್ಣಕ್ಕೆ ತಿರುಗಿತ್ತು. ಗುಡ್ಡಗಳ ಮಡಿಕೆಗಳಲ್ಲಿ ಮಾತ್ರ ಶೋಲಾ ಕಾಡು ಕಪ್ಪಗೆ ಕೂತಿತ್ತು. ಎಲ್ಲೋ ನೀರಿನ ಬದಿಯಲ್ಲಿ ಸಿಳ್ಳೆಹಕ್ಕಿ, ದಾರಿ ತಪ್ಪಿದ ಹುಡುಗನ ಹಾಗೆ, ಕೊನೆಮುಟ್ಟದ ರಾಗವೊಂದನ್ನು ಹಾಡುತ್ತಿತ್ತು.

ಈ ಬೆಟ್ಟಸಾಲಿನ ಗಂಗಾಮೂಲದಲ್ಲಿ ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುತ್ತವೆ. ತುಂಗೆ ಭದ್ರೆಯರು ಪೂರ್ವಕ್ಕೆ ಹರಿದು ಕೂಡ್ಲಿಯಲ್ಲಿ ಒಂದಾಗುತ್ತಾರೆ. ನೇತ್ರಾವತಿ ಪಶ್ಚಿಮಕ್ಕೆ ಧುಮುಕಿ ಮಂಗಳೂರಿನಲ್ಲಿ ಕಡಲು ಸೇರುತ್ತಾಳೆ. ವರ್ಷಕ್ಕೆ 200 ಇಂಚು ಮೀರಿ ಮಳೆ ಸುರಿಯುವ ಜಾಗ ಇದು. ಕಬ್ಬಿಣದ ಅದಿರಿನ ಗಣಿಗಾರಿಕೆ ಇಲ್ಲಿ ನಿಂತದ್ದು ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಕೊನೆಗೆ. ಗಣಿಯ ಕಾಲದಲ್ಲಿ ಭದ್ರೆ ಕೆಂಪಾಗಿ ಹರಿದದ್ದನ್ನು ಕಳಸದ ಕಡೆಯ ಹಿರಿಯರು ಇಂದಿಗೂ ಹೇಳುತ್ತಾರೆ.

ಶಿಖರದ ದಾರಿಯಲ್ಲಿ ಮೂರು ನಾಲ್ಕು ಕಡೆ ಹಳ್ಳ ದಾಟಬೇಕು. ಬೆಳಿಗ್ಗೆ ಯಾವುದೂ ಮೊಣಕಾಲಿಗೆ ಬರಲಿಲ್ಲ. ನೀರು ಸ್ವಚ್ಛವಾಗಿತ್ತು, ತಳದ ಕಲ್ಲು ಎಣಿಸಬಹುದಿತ್ತು. ನಾವು ನಗುತ್ತಾ, ನೀರು ಎರಚಿಕೊಳ್ಳುತ್ತಾ ದಾಟಿದೆವು. ಗೌಡರು ಮಾತ್ರ ಪ್ರತಿಯೊಂದು ಹಳ್ಳ ದಾಟಿದ ಮೇಲೂ ಒಂದು ಕೋಲು ಮುರಿದು, ನೀರಿನ ಅಂಚಿಗೆ ಸರಿಯಾಗಿ ಕಲ್ಲುಸಂದಿಯಲ್ಲಿ ಗಟ್ಟಿಯಾಗಿ ನೆಡುತ್ತಿದ್ದರು. ಹುಡುಗ, "ಇದು ಯಾವ ಪೂಜೆ ಗೌಡ್ರೇ?" ಎಂದು ಕೇಳಿದ. "ಬರುವಾಗ ನೀನೇ ನೋಡು" ಎಂದರು.

ಒಂಟಿಮರದ ಹತ್ತಿರ ಬಂದಾಗ ಹತ್ತೂವರೆ. ಇದು ಶಿಖರಕ್ಕೆ ಸುಮಾರು ಅರ್ಧ ದಾರಿ. ಪಡುವಣದಿಂದ ಮಂಜು ಏರಿ ಬಂದು ಶಿಖರವನ್ನು ನುಂಗಿತ್ತು. ಗಾಳಿ ನಿಂತುಹೋಗಿತ್ತು. ಗೌಡರು ಸ್ವಲ್ಪ ಹೊತ್ತು ಮೇಲೆ ನೋಡಿ, "ಇಲ್ಲಿಂದಲೇ ತಿರುಗಿದರೆ ಒಳ್ಳೆಯದು" ಎಂದರು. ಅಷ್ಟು ದೂರ ಬಂದು ಹಿಂದಿರುಗುವುದೇ? ಸುಮಾರು 1,890 ಮೀಟರ್ ಎತ್ತರದ ಶಿಖರ ಎದುರಿಗೇ ಇದೆ, ಮಂಜು ಸರಿದರೆ ಕಾಣುತ್ತದೆ. ಇನ್ನೊಂದು ಗಂಟೆ ನೋಡೋಣವೆಂದು ನಾವು ಹಟ ಹಿಡಿದೆವು. ಹಟ ಹಿಡಿದವರಲ್ಲಿ ಹುಡುಗನಿಗಿಂತ ನಾವು ಹಿರಿಯರೇ ಮುಂದಿದ್ದೆವೆಂಬುದನ್ನು ಒಪ್ಪಿಕೊಳ್ಳಬೇಕು. ಮುಕ್ಕಾಲು ಗಂಟೆ ನಡೆದೆವು. ಶಿಖರ ಕಾಣಲಿಲ್ಲ, ಮಳೆ ಬಂತು. ಹನಿ ಹನಿಯಾಗಿ ಶುರುವಾಗುವ ಮಳೆಯಲ್ಲ. ಕೊಡ ಬೋರಲು ಹಾಕಿದ ಹಾಗೆ ಒಮ್ಮೆಲೇ ಸುರಿಯುವ ಮಳೆ. ಅಲ್ಲಿಂದ ತಿರುಗಿದೆವು.

ಸ್ವಲ್ಪ ಲೆಕ್ಕ

ಮುಂದಿನದನ್ನು ಹೇಳುವ ಮೊದಲು ಬೆಳೆಗಾರರಿಗೆ ಸುಲಭವಾಗಿ ಅರ್ಥವಾಗುವ ಒಂದು ಲೆಕ್ಕ ಕೊಡುತ್ತೇವೆ. ಮಳೆಮಾಪಕದಲ್ಲಿ ಒಂದು ಇಂಚು ಎಂದು ಬರೆದುಕೊಂಡು ನಾವು ಸುಮ್ಮನಾಗುತ್ತೇವೆ. ಒಂದು ಎಕರೆಯ ಮೇಲೆ ಒಂದು ಇಂಚು ಮಳೆಯೆಂದರೆ ಸುಮಾರು 1 ಲಕ್ಷ 3 ಸಾವಿರ ಲೀಟರು ನೀರು. ಒಂದು ಹಳ್ಳಕ್ಕೆ ನೀರು ಕೊಡುವ ಗುಡ್ಡದ ವಿಸ್ತೀರ್ಣ 500 ಎಕರೆ ಎಂದಿಟ್ಟುಕೊಳ್ಳಿ. ಒಂದು ಇಂಚು ಮಳೆಗೆ 5 ಕೋಟಿ ಲೀಟರಿಗೂ ಮೀರಿ ನೀರಾಯಿತು. ಅದರಲ್ಲಿ ಅರ್ಧ ಮಾತ್ರ, ಎರಡು ಗಂಟೆಯ ಅವಧಿಯಲ್ಲಿ ಹಳ್ಳಕ್ಕೆ ಇಳಿಯಿತೆಂದರೂ ಸೆಕೆಂಡಿಗೆ 3,500 ಲೀಟರಿನಂತೆ ಹರಿಯಬೇಕು. ನೂರಡಿ ಎತ್ತರಕ್ಕೆ ನೀರೆತ್ತುವ ನಮ್ಮ ಐದು ಎಚ್.ಪಿ. ಪಂಪು ಸೆಕೆಂಡಿಗೆ ಕೊಡುವುದು ಏಳೆಂಟು ಲೀಟರು. ಅಂಥ ನಾನೂರಕ್ಕೂ ಹೆಚ್ಚು ಪಂಪುಗಳನ್ನು ಒಂದೇ ಕಾಲುವೆಗೆ ತಿರುಗಿಸಿದ ಹಾಗಾಯಿತು.

ಅರ್ಧ ಇಳಿಯಿತೆಂದು ಹೇಳಿದೆವಷ್ಟೆ. ಎಷ್ಟು ಇಳಿಯುತ್ತದೆ, ಎಷ್ಟು ಬೇಗ ಇಳಿಯುತ್ತದೆ ಎಂಬುದು ಗುಡ್ಡದ ಮೈಯನ್ನು ಅವಲಂಬಿಸಿದೆ. ದಟ್ಟ ಕಾಡಿನ ನೆಲ ತರಗೆಲೆ ಹೊದ್ದ ಸ್ಪಂಜಿನಂತೆ. ಅದು ನೀರನ್ನು ಕುಡಿದು, ಮಳೆ ನಿಂತ ಮೇಲೂ ದಿನಗಟ್ಟಲೆ ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ಕಡಿದಾದ ಗುಡ್ಡದ ತೆಳುಮಣ್ಣು, ಅದರಡಿಯ ಬಂಡೆ ಅಷ್ಟು ತಾಳುವುದಿಲ್ಲ. ಹತ್ತು ದಿನದ ಮಳೆಗೆ ನೆನೆದು ತಣಿದ ನೆಲವಾದರೆ ಬಿದ್ದ ನೀರು ಬಿದ್ದ ಹಾಗೆ ಜಾರುತ್ತದೆ. ಜೂನಿನ ಹಳ್ಳಕ್ಕೆ ಇನ್ನೊಂದು ಗುಣವೂ ಉಂಟು. ಬೇಸಿಗೆಯುದ್ದಕ್ಕೂ ಹಳ್ಳದ ಪಾತ್ರದಲ್ಲಿ ಬಿದ್ದ ತರಗು, ಕೊಂಬೆ, ಮುರಿದ ಮರ ಎಲ್ಲವೂ ಮೊದಲ ನೆರೆಗೆ ಎದ್ದು ಎಲ್ಲೋ ಒಂದು ಇಕ್ಕಟ್ಟಿನಲ್ಲಿ ಸಿಕ್ಕಿ ಕಟ್ಟೆಯಾಗುತ್ತದೆ. ಹಿಂದೆ ನೀರು ತುಂಬಿ ಕಟ್ಟೆ ಒಡೆದಾಗ ಕೆಳಗಿದ್ದವರಿಗೆ ಮುನ್ಸೂಚನೆಯೇ ಇಲ್ಲದೆ ಒಂದಾಳು ನೀರು ಬಂದುಬಿಡುತ್ತದೆ. ಆಗಸ್ಟಿನ ಹಳ್ಳ ದೊಡ್ಡದಿರಬಹುದು. ಆದರೆ ಜೂನಿನ ಹಳ್ಳ ಏನು ಮಾಡುತ್ತದೆಂದು ಹೇಳಲು ಬರುವುದಿಲ್ಲ.

ಹಿಮಾಲಯದಲ್ಲಿ ನಡೆದವರು ಅಲ್ಲಿನ ಹಳ್ಳಗಳ ಒಂದು ನಿಯಮ ಹೇಳುತ್ತಾರೆ. ಹಿಮ ಕರಗಿ ಹರಿಯುವ ತೊರೆ ಬೆಳಗಿನ ಜಾವ ತಗ್ಗಿರುತ್ತದೆ, ಬಿಸಿಲೇರಿದಂತೆ ಏರುತ್ತದೆ. ಆದ್ದರಿಂದ ನಸುಕಿನಲ್ಲಿ ದಾಟಬೇಕು. ನಮ್ಮ ಮಳೆಯ ಹಳ್ಳಗಳಿಗೆ ಇಂಥ ವೇಳಾಪಟ್ಟಿ ಇಲ್ಲ. ನಾವು ನಿಂತಲ್ಲಿ ಬಿಸಿಲಿದ್ದರೂ ಮೇಲೆ ಎರಡು ಮೈಲಿ ಆಚೆ ಸುರಿದ ಮಳೆ ನಮ್ಮ ಕಾಲಬುಡಕ್ಕೆ ಬರುತ್ತದೆ.

ಹಳ್ಳದ ದಡದಲ್ಲಿ

ಹಿಂದಿರುಗುವಾಗ ಮೇಲಿನ ಮೊದಲ ಹಳ್ಳದಲ್ಲಿ ಗೌಡರ ಕೋಲು ನೀರಿನೊಳಗೆ ಒಂದು ಗೇಣು ಮುಳುಗಿತ್ತು. ಕೈಕೈ ಹಿಡಿದು ದಾಟಿದೆವು. ಎರಡನೆಯದರಲ್ಲಿ ಎರಡು ಗೇಣು. ಅದನ್ನೂ ದಾಟಿದೆವು, ಆದರೆ ಯಾರೂ ನಗಲಿಲ್ಲ. ಮುಳ್ಳೋಡಿಗೆ ಮೊದಲು ಸಿಗುವ ಕೊನೆಯ ಹಳ್ಳಕ್ಕೆ ಬಂದಾಗ ಮೂರೂಮುಕ್ಕಾಲು. ಕೋಲು ಕಾಣಲೇ ಇಲ್ಲ.

ಬೆಳಿಗ್ಗೆ ಹನ್ನೆರಡು ಅಡಿ ಅಗಲವಿದ್ದ ನೀರು ಮೂವತ್ತು ಅಡಿಯಾಗಿತ್ತು. ಬಣ್ಣ ಚಾದ ಗಷ್ಟಿನ ಹಾಗೆ. ನೀರಿನ ಸದ್ದಿನೊಳಗೆ ಇನ್ನೊಂದು ಸದ್ದು, ದೂರದಲ್ಲಿ ಯಾರೋ ಒನಕೆ ಹಾಕುತ್ತಿರುವಂತೆ ಗುಡು ಗುಡು. ಏನದು ಎಂದು ಕೇಳಿದೆವು. "ಕಲ್ಲು ಉರುಳುತ್ತಾ ಉಂಟು ತಳದಲ್ಲಿ. ಆ ಶಬ್ದ ಇರುವವರೆಗೆ ಇಳಿಯಲಿಕ್ಕಿಲ್ಲ" ಎಂದರು ಗೌಡರು.

ಆಚೆ ದಡದಿಂದ ನಾವು ತಂಗಿದ ಮನೆಗೆ ಹೆಚ್ಚು ದೂರವಿಲ್ಲ. ಆಚೆ ಬಿಸಿ ಕಾಫಿ, ಒಣಗಿದ ಬಟ್ಟೆ. ಅದಕ್ಕಿಂತ ಹೆಚ್ಚಾಗಿ ಬಸ್ಸು ಮತ್ತು ಔಷಧಿ ಹೊಡೆಯುವವರು. ಹುಡುಗ ಗಡಿಯಾರ ನೋಡಿದ. "ಚಿಕ್ಕಪ್ಪ, ಸೊಂಟದವರೆಗೆ ಬರಬಹುದು ಅಷ್ಟೆ. ನಾನು ಈಜು ಕಲಿತವನು. ನಾನು ಮೊದಲು ದಾಟಿ ಹಗ್ಗ ಕಟ್ಟುತ್ತೇನೆ" ಎಂದ. ನಮ್ಮ ಜೊತೆಗಾರರೂ ಅವನ ಪರವಾಗಿಯೇ ಮಾತಾಡಿದರು. ಐದು ನಿಮಿಷ ಧೈರ್ಯ ಮಾಡಿದರೆ ಆಯಿತು, ಇಲ್ಲವಾದರೆ ಒಂದು ವರ್ಷದ ಫಸಲಿನ ಮಾತು ಎಂಬುದು ಅವರ ವಾದ. ಆ ವಾದವನ್ನು ತಳ್ಳಿಹಾಕುವುದು ಸುಲಭವಾಗಿರಲಿಲ್ಲ. ನಮಗೂ ತೋಟವಿದೆ.

ಗೌಡರು ಯಾರನ್ನೂ ಗದರಿಸಲಿಲ್ಲ. ಹುಡುಗನ ಕೈಗೆ ಒಂದು ಉದ್ದನೆಯ ಗಳು ಕೊಟ್ಟು, ದಡದಲ್ಲಿಯೇ ನಿಂತು ಅದನ್ನು ನೀರಿನಲ್ಲಿ ನೆಟ್ಟಗೆ ಹಿಡಿ ಎಂದರು. ಅವನು ಎರಡು ಕೈಯಿಂದ ಒತ್ತಿ ಹಿಡಿದ. ಗಳು ಥರಥರ ನಡುಗಿ, ಅರೆಕ್ಷಣದಲ್ಲಿ ಅವನ ಕೈಯಿಂದ ಕಿತ್ತುಕೊಂಡು ಹೋಯಿತು. ತಿರುವಿನಲ್ಲಿ ಅಡ್ಡ ಬಿದ್ದ ಮರದ ಕೊಂಬೆಗಳಲ್ಲಿ ಸಿಕ್ಕಿ, ಒಂದು ಸಲ ಮೇಲೆದ್ದು, ಮತ್ತೆ ಏಳಲಿಲ್ಲ. ಹುಡುಗ ಸುಮ್ಮನೆ ಬಂದು ಬಂಡೆಯ ಮೇಲೆ ಕೂತ.

ನೀರು ತಳ್ಳುವ ಬಲ ಅದರ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅಂದರೆ ವೇಗ ಎರಡರಷ್ಟಾದರೆ ತಳ್ಳು ನಾಲ್ಕರಷ್ಟು. ಮೊಣಕಾಲಿನವರೆಗಿನ ನೀರು ಸೆಕೆಂಡಿಗೆ ಒಂದು ಮೀಟರಿನಂತೆ ಹರಿದರೆ ಎರಡು ಕಾಲುಗಳ ಮೇಲೆ ಅಂದಾಜು ಆರು ಕಿಲೋ ಒತ್ತಡ. ಅದೇ ನೀರು ಎರಡು ಮೀಟರಿನಂತೆ ಹರಿದರೆ ಇಪ್ಪತ್ತನಾಲ್ಕು ಕಿಲೋ. ತೊಡೆಯವರೆಗೆ ಬಂದರೆ ಐವತ್ತು ಕಿಲೋದ ಕಾಫಿ ಮೂಟೆಯೊಂದು ಪಕ್ಕದಿಂದ ಬಿಡದೆ ನೂಕಿದ ಹಾಗೆ. ಅದರ ಜೊತೆಗೆ, ಆಳ ಹೆಚ್ಚಿದಂತೆ ನೀರೇ ಮೈಯನ್ನು ಎತ್ತಿ ಹಗುರ ಮಾಡುವುದರಿಂದ ಕಾಲಿಗೆ ತಳದ ಹಿಡಿತ ತಪ್ಪುತ್ತದೆ. ಕೆರೆಯಲ್ಲಿ ಕಲಿತ ಈಜು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಏಕೆಂದರೆ ಅಲ್ಲಿ ಕಲ್ಲಿಗೆ ಅಪ್ಪಳಿಸುವ ಭಯವಿಲ್ಲ.

ಆದ್ದರಿಂದ ಕಾದೆವು. ನೀರಿನ ಅಂಚಿನಲ್ಲಿ ಗೌಡರು ಹೊಸ ಕೋಲೊಂದನ್ನು ನೆಟ್ಟರು. ದಡದಿಂದ ಮೇಲೆ, ಎತ್ತರದ ಜಾಗದಲ್ಲಿ ಪ್ಲಾಸ್ಟಿಕ್ ಹಾಳೆ ಕಟ್ಟಿಕೊಂಡು ಕೂತೆವು. ಅವಲಕ್ಕಿ ಬೆಲ್ಲ ತಿಂದೆವು. ಒದ್ದೆ ಬಟ್ಟೆ ಬದಲಾಯಿಸಿದೆವು. ನಾಲ್ಕೂವರೆಗೆ ಮಳೆ ನಿಂತಿತು. ನೀರು ಮಾತ್ರ ಇನ್ನೂ ಅರ್ಧ ಗೇಣು ಏರಿತು. ಮಳೆ ನಿಂತೊಡನೆ ಹಳ್ಳ ಇಳಿಯುವುದಿಲ್ಲ, ಮೇಲಿನ ನೀರು ಬಂದು ಮುಗಿಯಬೇಕು. ಐದೂಕಾಲಕ್ಕೆ ಕೋಲಿನ ಬುಡದಲ್ಲಿ ಒಂದು ಬೆರಳಿನಷ್ಟು ಒದ್ದೆ ಕಲ್ಲು ಕಂಡಿತು. ಐದೂಮುಕ್ಕಾಲಕ್ಕೆ ಗುಡು ಗುಡು ನಿಂತಿತು. ಆರೂಕಾಲಕ್ಕೆ ಬೆಳಗಿನ ಕೋಲಿನ ತುದಿ ನೀರಿನ ಮೇಲೆ ಕಾಣಿಸಿತು. ಅದನ್ನು ಮೊದಲು ಕಂಡವನು ಹುಡುಗನೇ.

ಆರೂಮುಕ್ಕಾಲಕ್ಕೆ, ಇನ್ನೂ ಬೆಳಕಿರುವಾಗ, ನೂರಡಿ ಮೇಲೆ ಹಳ್ಳ ಅಗಲವಾಗಿ ಹರಡಿದ ಕಡೆ ದಾಟಿದೆವು. ನೀರು ಮೊಣಕಾಲಿಗೆ ಒಂದು ಗೇಣು ಮೇಲಿತ್ತು. ಎಲ್ಲರೂ ದಡ ಸೇರಿದ ಮೇಲೆ ಗೌಡರು ಹಿಂದಿರುಗಿ ನೋಡಿ, "ಇನ್ನು ಅರ್ಧ ಗಂಟೆಯೊಳಗೆ ಇಳಿಯದಿದ್ದರೆ ರಾತ್ರಿ ಅಲ್ಲಿಯೇ ಕೂರಿಸುತ್ತಿದ್ದೆ" ಎಂದರು. ತಮಾಷೆಗೆ ಹೇಳಿದ ಮಾತಲ್ಲ ಅದು.

ಬಸ್ಸು ತಪ್ಪಿತು. ಔಷಧಿ ಹೊಡೆಯುವವರು ಮರುದಿನ ಬಂದು, ಯಜಮಾನರಿಲ್ಲವೆಂದು ಬೇರೆ ತೋಟಕ್ಕೆ ಹೋದರು. ಅವರು ಮತ್ತೆ ಸಿಕ್ಕಿದ್ದು ಒಂಬತ್ತು ದಿನಗಳ ಮೇಲೆ. ಆ ತೋಟದ ಒಂದು ಮೂಲೆಗೆ ಕೊಳೆ ಬಿತ್ತು. ನಷ್ಟ ಆಗಲಿಲ್ಲವೆಂದು ನಾವು ಹೇಳುವುದಿಲ್ಲ. ಆದ ನಷ್ಟ ಇಷ್ಟು ಎಂದು ಎಣಿಸಿ ಹೇಳಲು ಐವರೂ ಇದ್ದೇವೆ.

ನಮ್ಮದೇ ತೋಟದ ಮಾತು

ದಡದಲ್ಲಿ ಕೂತ ಆ ಮೂರು ಗಂಟೆಯಲ್ಲಿ ನಮಗೆ ನೆನಪಾದದ್ದು ನಮ್ಮ ತೋಟದ ಹಳ್ಳ. ನಮ್ಮ ಕಾಫಿ ಒಂದು ದಡದಲ್ಲಿ, ಅಡಿಕೆ ಇನ್ನೊಂದು ದಡದಲ್ಲಿ. ನಡುವೆ ಎರಡು ಅಡಿಕೆ ಮರ ಅಡ್ಡ ಹಾಕಿದ ಸಂಕ. ಹದಿನೈದು ವರ್ಷಗಳ ಹಿಂದೆ ಒಂದು ಜುಲೈಯಲ್ಲಿ ಎರಡು ದಿನ ಹೊಳವಾಯಿತು. ಕಾಫಿಗೆ ಔಷಧಿ ಹೊಡೆಸಲು ಸಿಕ್ಕ ಅವಕಾಶ ಅದೊಂದೇ. ಮಧ್ಯಾಹ್ನ ಮೇಲೆ ಎಲ್ಲೋ ಮಳೆಯಾಗಿ ಸಂಕದ ಮೇಲೆ ನೀರು ಹರಿಯತೊಡಗಿತು. ಆಚೆ ನಿಂತ ಆಳುಗಳು ಹಿಂಜರಿದರು. "ಇಷ್ಟೇ ನೀರು, ಬನ್ನಿ" ಎಂದು ಈಚೆಯಿಂದ ಕೂಗಿದವರು ನಾವೇ.

ಮೊದಲು ಬಂದವನ ಕಾಲು ಪಾಚಿಯ ಮೇಲೆ ಜಾರಿತು. ಬೆನ್ನಿನಲ್ಲಿ ಔಷಧಿ ತುಂಬಿದ ಪಂಪು, ಎದೆಯ ಮೇಲೆ ಅದರ ಪಟ್ಟಿ. ಪಟ್ಟಿ ಬಿಚ್ಚಲು ಅವನಿಗೆ ಆಗಲಿಲ್ಲ. ಪಂಪಿನ ಭಾರವೇ ಅವನನ್ನು ಬೋರಲು ಮಾಡಿತು. ನಲವತ್ತು ಅಡಿ ಕೆಳಗೆ ಮುಂಡುಗದ ಪೊದೆಗೆ ಸಿಕ್ಕಿಕೊಂಡದ್ದರಿಂದ ಬದುಕಿದ. ಕೈ ಮುರಿದಿತ್ತು. ಆಸ್ಪತ್ರೆಯ ಖರ್ಚು ನಾವು ಕೊಟ್ಟೆವು, ಮೂರು ತಿಂಗಳ ಸಂಬಳವನ್ನೂ ಕೊಟ್ಟೆವು; ಕೊಟ್ಟು ಮುಗಿಯಿತೆಂದುಕೊಂಡೆವು. ಆತ ಅನಂತರವೂ ನಮ್ಮಲ್ಲಿ ಕೆಲಸ ಮಾಡಿದ. ಮಳೆಗಾಲದಲ್ಲಿ ಮಾತ್ರ ಸಂಕದ ಮೇಲೆ ಕಾಲಿಡದೆ ರಸ್ತೆ ಬಳಸಿ ಒಂದೂವರೆ ಮೈಲಿ ಸುತ್ತಿ ಬರುತ್ತಿದ್ದ. ತಡವಾಯಿತೆಂದು ನಾವು ಒಂದು ದಿನವೂ ಕೇಳಲಿಲ್ಲ. ಅವನೂ ಆ ದಿನದ ಮಾತು ಎತ್ತಲಿಲ್ಲ.

ಗೌಡರು ಹೊರಡುವ ಮುನ್ನಾದಿನ ಅರ್ಜೆಂಟು ಕೆಲಸ ಯಾರಿಗೆ ಉಂಟೆಂದು ಯಾಕೆ ಕೇಳಿದರು ಎಂಬುದು ಆಗ ಅರ್ಥವಾಯಿತು. ಹಳ್ಳದಲ್ಲಿ ಅಪಾಯಕ್ಕೆ ಸಿಕ್ಕುವವರಲ್ಲಿ ನೀರಿನ ಭಯವಿಲ್ಲದವರು ಕಡಿಮೆ. ಹೆಚ್ಚಿನವರು ಆಚೆ ದಡದಲ್ಲಿ ಏನೋ ಕೆಲಸವಿದ್ದವರು. ಕೆಲವರು ಇನ್ನೊಬ್ಬರ ಕೆಲಸಕ್ಕಾಗಿ ದಾಟಿದವರು.

ದಾಟಲೇಬೇಕಾದರೆ

ಗೌಡರಿಂದ ಕಲಿತದ್ದನ್ನೂ, ಬೆಟ್ಟ ಹತ್ತುವವರು ಎಲ್ಲೆಡೆ ಪಾಲಿಸುವ ಕ್ರಮಗಳನ್ನೂ ಇಲ್ಲಿ ಒಟ್ಟಿಗೆ ಕೊಡುತ್ತೇವೆ. ತೋಟಕ್ಕೂ ಇವು ಅನ್ವಯಿಸುತ್ತವೆ.

ನೀರು ಕೆಸರಾಗಿದ್ದರೆ, ಏರುತ್ತಿದ್ದರೆ, ತಳದಲ್ಲಿ ಕಲ್ಲು ಉರುಳುವ ಸದ್ದಿದ್ದರೆ, ಮರದ ತುಂಡು ತೇಲಿ ಬರುತ್ತಿದ್ದರೆ ದಾಟುವ ಯೋಚನೆಯನ್ನೇ ಬಿಡಬೇಕು. ಸ್ವಚ್ಛವಾಗಿದ್ದ ನೀರು ಇದ್ದಕ್ಕಿದ್ದಂತೆ ಕದಡಿ ತರಗೆಲೆ ತೇಲತೊಡಗಿತೆಂದರೆ ಮೇಲೆ ನೆರೆ ಹೊರಟಿದೆ ಎಂದರ್ಥ. ಆ ಕೂಡಲೇ ಪಾತ್ರ ಬಿಟ್ಟು ಎತ್ತರಕ್ಕೆ ಏರಬೇಕು.

ಇಕ್ಕಟ್ಟಾದ ಜಾಗ ಹತ್ತಿರವೆಂದು ಅಲ್ಲಿ ದಾಟಬಾರದು. ಅಲ್ಲಿ ಆಳವೂ ವೇಗವೂ ಹೆಚ್ಚು. ಅಗಲವಾಗಿ, ತೆಳ್ಳಗೆ ಹರಡಿದ ಕಡೆ ಹುಡುಕಬೇಕು. ಸ್ವಲ್ಪ ಕೆಳಗೆ ಅಬ್ಬಿಯೋ, ಅಡ್ಡ ಬಿದ್ದ ಮರವೋ ಇದ್ದರೆ ಆ ಜಾಗ ಬೇಡ. ಮರದ ಕೊಂಬೆಗಳು ನೀರನ್ನು ಬಿಟ್ಟು ಮನುಷ್ಯನನ್ನು ಹಿಡಿಯುತ್ತವೆ.

ಕಾಲಿನ ಮೆಟ್ಟು ಕಳಚಬಾರದು. ಬೆನ್ನುಚೀಲದ ಸೊಂಟಪಟ್ಟಿ, ಎದೆಪಟ್ಟಿ ಎರಡನ್ನೂ ನೀರಿಗಿಳಿಯುವ ಮೊದಲೇ ಬಿಚ್ಚಿಕೊಳ್ಳಬೇಕು. ಬಿದ್ದರೆ ಚೀಲ ಹೋಗಲಿ, ನಾವು ಉಳಿಯಬೇಕು. ಬೆನ್ನಿನ ಪಂಪಿಗೂ ಇದೇ ಮಾತು; ಅದನ್ನು ಹೊತ್ತು ಸಂಕ ದಾಟುವುದೇ ಬೇಡ.

ಗಟ್ಟಿಯಾದ ದೊಣ್ಣೆಯನ್ನು ನೀರು ಬರುವ ಕಡೆಗೆ ಊರಿ, ಮೇಲ್ಮುಖವಾಗಿ ನಿಂತು, ಒಂದೊಂದೇ ಕಾಲು ಸರಿಸಬೇಕು. ದೊಣ್ಣೆ ಮತ್ತು ಎರಡು ಕಾಲು, ಈ ಮೂರರಲ್ಲಿ ಎರಡು ಸದಾ ನೆಲದಲ್ಲಿರಬೇಕು. ಹಲವರಿದ್ದರೆ ಹರಿವಿನ ದಿಕ್ಕಿಗೆ ಒಬ್ಬರ ಹಿಂದೊಬ್ಬರು ಸಾಲಾಗಿ ನಿಂತು, ಬಲಶಾಲಿಯಾದವರು ಮೇಲ್ತುದಿಯಲ್ಲಿದ್ದು, ಒಟ್ಟಿಗೆ ಪಕ್ಕಕ್ಕೆ ಸರಿಯಬೇಕು. ಮೈಗೆ ಹಗ್ಗ ಕಟ್ಟಿಕೊಂಡು ಇಳಿಯಬಾರದು. ಬಿದ್ದವನನ್ನು ಹಗ್ಗ ನೀರಿನಡಿಯಲ್ಲಿಯೇ ಹಿಡಿದಿಟ್ಟೀತು.

ಕೊಚ್ಚಿಹೋದರೆ ಎದ್ದು ನಿಲ್ಲಲು ಹೋಗಬಾರದು, ಪಾದ ಕಲ್ಲುಸಂದಿಗೆ ಸಿಕ್ಕಿದರೆ ನೀರು ಮುಳುಗಿಸುತ್ತದೆ. ಅಂಗಾತ ಮಲಗಿ, ಕಾಲು ಮುಂದಾಗಿ ಇಟ್ಟುಕೊಂಡು, ನೀರು ತೆಳುವಾದ ಕಡೆ ದಡಕ್ಕೆ ಓರೆಯಾಗಿ ಈಜಬೇಕು.

ಇವೆಲ್ಲಕ್ಕಿಂತ ಮೊದಲನೆಯದು ಕಾಯುವುದು. ಸಣ್ಣ ಹಳ್ಳಗಳು ಏರುವಷ್ಟೇ ಬೇಗ ಅಲ್ಲದಿದ್ದರೂ, ಮಳೆ ನಿಂತ ಕೆಲವು ಗಂಟೆಗಳಲ್ಲಿ ಇಳಿಯುತ್ತವೆ.

ಸದಸ್ಯರಲ್ಲಿ ಒಂದು ವಿನಂತಿ

ಕಳಸ ಹೊರನಾಡು ದಾರಿಯ ಹೆಬ್ಬಾಳೆ ಸೇತುವೆ ಭದ್ರೆಯಲ್ಲಿ ಮುಳುಗಿದ ಸುದ್ದಿಯನ್ನು ಎಷ್ಟೋ ಮಳೆಗಾಲಗಳಲ್ಲಿ ಓದಿದ್ದೇವೆ. 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡ ಕುಸಿದು ತೋಟಗಳೇ ಕೊಚ್ಚಿಹೋದವು. 2022ರಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಶಾಲೆಯಿಂದ ಮನೆಗೆ ಬರುತ್ತಿದ್ದ ಮಗುವೊಂದು ಕಾಲುಸಂಕದಿಂದ ಜಾರಿ ಹಳ್ಳದ ಪಾಲಾಯಿತು. ಆ ಸುದ್ದಿ ಓದಿದ ದಿನ ನಮ್ಮಲ್ಲಿ ಯಾರು ಮನೆಯ ಸಂಕವನ್ನು ಹೋಗಿ ನೋಡಿ ಬಂದೆವು?

ಆಗುವ ಕೆಲಸವಲ್ಲವೆಂದು ಕೈಚೆಲ್ಲಬೇಕಾಗಿಲ್ಲ. ಸುಳ್ಯದ ಗಿರೀಶ್ ಭಾರದ್ವಾಜರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿ ಹೊಳೆಗೆ ಜನರ ನೆರವಿನಿಂದಲೇ ತೂಗುಸೇತುವೆ ಕಟ್ಟಿದರು. ಅನಂತರ ಅಂಥ ನೂರಕ್ಕೂ ಹೆಚ್ಚು ಸೇತುವೆಗಳನ್ನು ಕಟ್ಟಿ, 2017ರಲ್ಲಿ ಪದ್ಮಶ್ರೀ ಪುರಸ್ಕಾರಕ್ಕೆ ಪಾತ್ರರಾದರು. ತೂಗುಸೇತುವೆ ಪ್ರತಿಯೊಂದು ತೋಟಕ್ಕೆ ಬೇಕಾಗಿಲ್ಲ. ಮಳೆಗಾಲಕ್ಕೆ ಮೊದಲು ಸಂಕದ ಹಳೆಯ ಅಡಿಕೆ ಮರ ತೆಗೆದು ಹೊಸದು ಹಾಕುವುದು, ಎರಡೂ ಬದಿಗೆ ಎದೆಮಟ್ಟದ ಕೈತಾಂಗು ಕಟ್ಟುವುದು, ಪಾಚಿ ಕೆರೆದು ಜಾರದಂತೆ ಅಡ್ಡಪಟ್ಟಿ ಹೊಡೆಯುವುದು ಒಂದು ದಿನದ ಕೆಲಸ. ಅದರ ಜೊತೆಗೆ ಗೌಡರ ಕೋಲು. ಹಳ್ಳದ ಬದಿಯಲ್ಲಿ ಒಂದು ಗಟ್ಟಿ ಕಂಬ ನೆಟ್ಟು, ಮೊಣಕಾಲಿನ ಎತ್ತರಕ್ಕೆ ಸುಣ್ಣದಿಂದಲೋ ಬಣ್ಣದಿಂದಲೋ ಒಂದು ಗೆರೆ ಬಳಿಯಿರಿ. ನೀರು ಆ ಗೆರೆಗೆ ಬಂದರೆ ಯಾರೂ ದಾಟಬಾರದು, ಯಾರನ್ನೂ ದಾಟಿಸಬಾರದು ಎಂಬ ಕಟ್ಟಳೆ ಮನೆಯಲ್ಲಿರಲಿ. ಯಜಮಾನ ಅವಸರದಲ್ಲಿದ್ದಾಗ ಗೆರೆಯೇ ಮಾತಾಡಲಿ.

ನಮ್ಮ ಹಳ್ಳಕ್ಕೆ ಈ ವರ್ಷ ಅಂಥ ಕಂಬ ನೆಟ್ಟೆವು. ಜಾಗ ತೋರಿಸಿದವನು, ಹದಿನೈದು ವರ್ಷಗಳಿಂದ ಆ ಹಳ್ಳವನ್ನು ನಮಗಿಂತ ಚೆನ್ನಾಗಿ ನೋಡಿಕೊಂಡು ಬಂದ ಆ ನಮ್ಮ ಆಳೇ. ಗೆರೆ ಎಲ್ಲಿ ಬಳಿಯಬೇಕೆಂದು ಕೇಳಿದಾಗ ಆತ ನಾವು ತೋರಿಸಿದ್ದಕ್ಕಿಂತ ಒಂದು ಗೇಣು ಕೆಳಗೆ ಕೈಯಿಟ್ಟ. ಅಲ್ಲಿಯೇ ಬಳಿದೆವು.